ಪಸ್ ಸೆಲ್ ಇದ್ದರೆ ಮಕ್ಕಳಾಗುವುದಿಲ್ಲವೇ?

ಪ್ರಾಸ್ಟೇಟ್ ಉರಿಯೂತ, ಸಂತಾನ ಮತ್ತು ದಾಂಪತ್ಯ: ಓದುಗರ ಪ್ರಶ್ನೆಗಳಿಗೆ ಮೂತ್ರರೋಗ ತಜ್ಞರ ಉತ್ತರ

ಪ್ರಾಸ್ಟೇಟ್ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಅರವತ್ತು ದಾಟಿದವರು, ರಾತ್ರಿ ಮೂರು ನಾಲ್ಕು ಸಲ ಏಳಬೇಕಾದ ಕಷ್ಟ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಇಪ್ಪತ್ತರಿಂದ ನಲವತ್ತರ ಒಳಗಿನವರದು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಗ್ರಂಥಿ ದೊಡ್ಡದಾಗುವುದು ವಯಸ್ಸಾದವರ ಸಮಸ್ಯೆಯಾದರೆ, ಅದರ ಉರಿಯೂತ ಹೆಚ್ಚಾಗಿ ಐವತ್ತರ ಒಳಗಿನವರನ್ನೇ ಕಾಡುತ್ತದೆ. ಬಹುತೇಕ ಎಲ್ಲರೂ ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ. ಹಾಗಾಗಿ ಇಲ್ಲಿ ಊರು ಮಾತ್ರ ಇದೆ.

ಪ್ರಶ್ನೆ: ನನ್ನ ವಯಸ್ಸು 31, ಪತ್ನಿಗೆ 28. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿಲ್ಲ. ಪತ್ನಿಯ ಪರೀಕ್ಷೆಗಳೆಲ್ಲ ನಾರ್ಮಲ್. ನನ್ನ ವೀರ್ಯ ಪರೀಕ್ಷೆಯಲ್ಲಿ ಕೌಂಟ್ 3.8 ಕೋಟಿ, ಮುಂದಕ್ಕೆ ಚಲಿಸುವ ವೀರ್ಯಾಣು ಶೇ 22, ಪಸ್ ಸೆಲ್ 12–15 ಎಂದಿದೆ. ಪ್ರಾಸ್ಟೇಟ್‌ನಲ್ಲಿ ಇನ್‌ಫೆಕ್ಷನ್ ಎಂದು ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ಕೋರ್ಸ್ ಕೊಟ್ಟರು. ಪಸ್ ಸೆಲ್ ಹೋಗಿಲ್ಲ. ನನಗೆ ನೋವು, ಉರಿ ಏನೂ ಇಲ್ಲ. ಅದು ಪೂರ್ತಿ ಹೋಗುವ ತನಕ ಮಕ್ಕಳಾಗುವುದಿಲ್ಲವೇ?
– ಹೆಸರು ಬೇಡ, ಹಾಸನ

ಉತ್ತರ: ಆಗಬಹುದು. ಪಸ್ ಸೆಲ್ ಇರುವ ಎಷ್ಟೋ ಗಂಡಸರು ತಂದೆಯಾಗಿದ್ದಾರೆ, ಅವರಲ್ಲಿ ಹಲವರಿಗೆ ತಮಗೆ ಪಸ್ ಸೆಲ್ ಇದೆ ಎಂಬುದೇ ಗೊತ್ತಿರಲಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಗಮನಿಸಬೇಕಾದದ್ದು ಪಸ್ ಸೆಲ್‌ಗಿಂತ ಚಲನೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ವೀರ್ಯದ ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಮುಂದಕ್ಕೆ ಚಲಿಸುವಂಥವು ಶೇ 30, ಇವು ಕೆಳಗಿನ ಮಿತಿಗಳು. ನಿಮ್ಮ ಕೌಂಟ್ ಚೆನ್ನಾಗಿದೆ, ಚಲನೆ ಸ್ವಲ್ಪ ಕಡಿಮೆ. ಈ ಮಿತಿಗಳನ್ನು ಒಂದು ವರ್ಷದೊಳಗೆ ಗರ್ಭ ಕಟ್ಟಿದ ದಂಪತಿಗಳ ಅಂಕಿಗಳಿಂದಲೇ ತೆಗೆದದ್ದು. ಅವರಲ್ಲೂ ನೂರಕ್ಕೆ ಐದು ಗಂಡಸರ ಅಂಕಿ ಇದಕ್ಕಿಂತ ಕೆಳಗಿತ್ತು. ಅಂದರೆ ಮಿತಿಗಿಂತ ಕೆಳಗಿರುವುದು ಬಂಜೆತನದ ತೀರ್ಪಲ್ಲ.

ಪ್ರಾಸ್ಟೇಟ್‌ಗೂ ವೀರ್ಯಕ್ಕೂ ಇರುವ ಸಂಬಂಧವನ್ನು ಮೊದಲು ತಿಳಿದುಕೊಳ್ಳಿ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಈ ಗ್ರಂಥಿ ದೊಡ್ಡ ನೆಲ್ಲಿಕಾಯಿಯಷ್ಟಿದ್ದು, ಸುಮಾರು 20 ಗ್ರಾಂ ತೂಗುತ್ತದೆ. ವೀರ್ಯಾಣು ಹುಟ್ಟುವುದು ವೃಷಣದಲ್ಲಿ. ಅವನ್ನು ಹೊತ್ತೊಯ್ಯುವ ದ್ರವದ ಹೆಚ್ಚಿನ ಪಾಲು ವೀರ್ಯಕೋಶದಿಂದ ಬರುತ್ತದೆ, ಕಾಲು ಭಾಗದಷ್ಟು ಪ್ರಾಸ್ಟೇಟ್‌ನಿಂದ. ಈ ಕಾಲು ಭಾಗದಲ್ಲಿ ಸತು, ಸಿಟ್ರಿಕ್ ಆಮ್ಲ, ಗಟ್ಟಿಯಾದ ವೀರ್ಯವನ್ನು ಅರ್ಧ ಗಂಟೆಯೊಳಗೆ ನೀರಾಗಿಸುವ ಪಿಎಸ್‌ಎ ಎಂಬ ಕಿಣ್ವ ಇರುತ್ತವೆ. ಗ್ರಂಥಿಗೆ ಉರಿಯೂತವಾದಾಗ ಈ ದ್ರವದ ಗುಣ ಕೆಡುತ್ತದೆ. ಜೊತೆಗೆ, ಅಲ್ಲಿ ಸೇರಿದ ಬಿಳಿ ರಕ್ತಕಣಗಳು ಸೂಕ್ಷ್ಮಾಣುಗಳನ್ನು ಕೊಲ್ಲಲು ಬಳಸುವ ಆಮ್ಲಜನಕದ ತೀಕ್ಷ್ಣ ರೂಪಗಳನ್ನು ಬಿಡುಗಡೆ ಮಾಡುತ್ತವೆ. ವೀರ್ಯಾಣುವಿನ ಹೊರಪೊರೆ ಕೊಬ್ಬಿನಂಶದ್ದು, ತನ್ನನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಹಾಗಾಗಿ ಮೊದಲ ಏಟು ಬೀಳುವುದು ಚಲನೆಗೆ. ಉರಿಯೂತ ಜಾಸ್ತಿಯಿದ್ದರೆ ಅದರೊಳಗಿನ ಡಿಎನ್‌ಎಗೂ ಹಾನಿಯಾಗಬಹುದು.

ಆದರೆ ನಿಮಗಿರುವುದು ನಿಜಕ್ಕೂ ಉರಿಯೂತವೇ? ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಬಿಳಿ ರಕ್ತಕಣವೂ ದುಂಡಗೆ ಕಾಣುತ್ತದೆ, ಇನ್ನೂ ಬಲಿಯದ ವೀರ್ಯಾಣುವಿನ ಕಣವೂ ದುಂಡಗೆ ಕಾಣುತ್ತದೆ. ಹಲವು ಲ್ಯಾಬ್‌ಗಳು ಎರಡನ್ನೂ ಸೇರಿಸಿ ‘ಪಸ್ ಸೆಲ್’ ಎಂದು ಬರೆದುಬಿಡುತ್ತವೆ. ಇವನ್ನು ಬೇರ್ಪಡಿಸಲು ಪೆರಾಕ್ಸಿಡೇಸ್ ಎಂಬ ಬಣ್ಣದ ಪರೀಕ್ಷೆ ಇದೆ. ಅದರಲ್ಲಿ ಬಿಳಿ ರಕ್ತಕಣ ಪ್ರತಿ ಮಿ.ಲೀ.ಗೆ 10 ಲಕ್ಷ ದಾಟಿದರೆ ಉರಿಯೂತ ಎಂದು ಪರಿಗಣಿಸುತ್ತೇವೆ. ದಾಟಿದರೂ ಅದು ಸೋಂಕೇ ಆಗಿರಬೇಕಿಲ್ಲ. ಸಿಗರೇಟು, ವೃಷಣದ ರಕ್ತನಾಳ ಉಬ್ಬಿಕೊಳ್ಳುವ ವೆರಿಕೋಸೀಲ್, ಇತ್ತೀಚೆಗೆ ಬಂದುಹೋದ ಜ್ವರ ಕೂಡ ಕಾರಣವಾಗಬಹುದು. ಯಾವ ಸೂಕ್ಷ್ಮಾಣು ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡದೆ ಆ್ಯಂಟಿಬಯಾಟಿಕ್ ಬದಲಾಯಿಸುತ್ತಾ ಹೋಗುವುದರಿಂದ ಔಷಧಕ್ಕೆ ಬಗ್ಗದ ಸೂಕ್ಷ್ಮಾಣು ಬೆಳೆಯುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಔಷಧದಿಂದ ಪಸ್ ಸೆಲ್ ಇಳಿದ ಮಾತ್ರಕ್ಕೆ ಗರ್ಭ ಕಟ್ಟುವ ಸಾಧ್ಯತೆ ಏರುತ್ತದೆ ಎಂಬುದಕ್ಕೂ ಗಟ್ಟಿ ಪುರಾವೆಯಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಯೂರಾಲಜಿಸ್ಟ್ ಬಳಿ ಹೋಗಿ ಮೈ ಮುಟ್ಟಿ ನೋಡಿಸಿಕೊಳ್ಳಿ, ವೆರಿಕೋಸೀಲ್ ಇದೆಯೇ ಎಂಬುದು ನಿಂತು ತೋರಿಸಿದಾಗಲೇ ಚೆನ್ನಾಗಿ ತಿಳಿಯುತ್ತದೆ. ಮೂತ್ರ ಮತ್ತು ವೀರ್ಯದ ಕಲ್ಚರ್, ಜೊತೆಗೆ ಕ್ಲಮೈಡಿಯ ಪರೀಕ್ಷೆ ಮಾಡಿಸಿ. ವೀರ್ಯ ಪರೀಕ್ಷೆಯನ್ನು ಇನ್ನೊಮ್ಮೆ, ಒಳ್ಳೆಯ ಲ್ಯಾಬಿನಲ್ಲಿ, ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಮಾಡಿಸಿ.

ಸ್ಯಾಂಪಲ್ ಕೊಡುವಾಗ ಒಂದು ಎಚ್ಚರಿಕೆ ಬೇಕು. ಮೊದಲು ಮೂತ್ರ ಮಾಡಿ, ಸೋಪಿನಿಂದ ಕೈ ಮತ್ತು ಶಿಶ್ನ ತೊಳೆದು ಒರೆಸಿಕೊಳ್ಳಿ. ಮೊದಲ ಹನಿಗಳು ಡಬ್ಬಿಯಿಂದಾಚೆ ಬಿದ್ದಿದ್ದರೆ ಅದನ್ನು ಲ್ಯಾಬಿನವರಿಗೆ ಹೇಳಿಬಿಡಿ. ಹೆಚ್ಚು ವೀರ್ಯಾಣು ಇರುವುದೂ ಪ್ರಾಸ್ಟೇಟ್‌ನ ದ್ರವ ಇರುವುದೂ ಆ ಮೊದಲ ಹನಿಗಳಲ್ಲೇ. ಅವು ಚೆಲ್ಲಿದರೆ ರಿಪೋರ್ಟ್ ನಿಮ್ಮದಾಗಿರುವುದಿಲ್ಲ. ಬಾತ್‌ರೂಮಿನಲ್ಲಿ ಅವಸರದಲ್ಲಿ ಕೊಟ್ಟ ಸ್ಯಾಂಪಲ್ ಮೇಲೆ ತಿಂಗಳುಗಟ್ಟಲೆ ಚಿಕಿತ್ಸೆ ನಡೆದ ಉದಾಹರಣೆಗಳಿವೆ.

ವೃಷಣದಲ್ಲಿ ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಇನ್ನಷ್ಟು ದಿನ ಬೇಕು. ಆದ್ದರಿಂದ ಯಾವ ಚಿಕಿತ್ಸೆಯ ಫಲವನ್ನೂ ಮೂರು ತಿಂಗಳಿಗೆ ಮೊದಲು ಅಳೆಯಬೇಡಿ. ಈ ಮಧ್ಯೆ ಎರಡು ಮೂರು ದಿನಕ್ಕೊಮ್ಮೆ ಕೂಡುವುದನ್ನು ನಿಲ್ಲಿಸಬೇಕಿಲ್ಲ. ಅಷ್ಟಾದರೂ ಫಲ ಕಾಣದಿದ್ದರೆ, ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು ಚುರುಕಾದ ವೀರ್ಯಾಣುಗಳನ್ನಷ್ಟೇ ಗರ್ಭಕೋಶಕ್ಕೆ ಸೇರಿಸುವ ಐಯುಐ ವಿಧಾನವಿದೆ. ತೊಳೆಯುವಾಗ ಬಿಳಿ ರಕ್ತಕಣಗಳೂ ಬಹುಮಟ್ಟಿಗೆ ಹೋಗುತ್ತವೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್, 34 ವರ್ಷ. ಎಂಟು ತಿಂಗಳಿಂದ ವೃಷಣ ಮತ್ತು ಗುದದ್ವಾರದ ನಡುವೆ ಒಂದೇ ಸಮನೆ ನೋವು. ಕುಳಿತಷ್ಟೂ ಹೆಚ್ಚು. ಸ್ಖಲನವಾದ ಮೇಲೆ ಒಂದೆರಡು ದಿನ ಉರಿಯುತ್ತದೆ. ಆ ಭಯಕ್ಕೆ ಪತ್ನಿಯಿಂದ ದೂರ ಉಳಿಯತೊಡಗಿದೆ. ಈಗ ನಿಮಿರುವಿಕೆಯೂ ಸರಿಯಾಗಿ ಆಗುತ್ತಿಲ್ಲ. ಮೂತ್ರ, ವೀರ್ಯದ ಕಲ್ಚರ್, ಸ್ಕ್ಯಾನ್ ಎಲ್ಲ ನಾರ್ಮಲ್. ಒಬ್ಬರು ಪ್ರಾಸ್ಟಟೈಟಿಸ್ ಅಂತಾರೆ, ಇನ್ನೊಬ್ಬರು ಎಲ್ಲ ಮನಸ್ಸಿನ ಭ್ರಮೆ ಅಂತಾರೆ. ಯಾರನ್ನು ನಂಬಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ನೋವು ಭ್ರಮೆಯಲ್ಲ, ಆದರೆ ಅದು ಸೋಂಕೂ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) 1990ರ ದಶಕದಲ್ಲಿ ಪ್ರಾಸ್ಟೇಟ್ ಉರಿಯೂತವನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಚಳಿಜ್ವರದೊಂದಿಗೆ ದಿಢೀರನೆ ಬರುವ ಸೋಂಕು ಒಂದು. ಮತ್ತೆ ಮತ್ತೆ ಮರುಕಳಿಸುವ ಸೋಂಕು ಎರಡು. ಸೂಕ್ಷ್ಮಾಣು ಸಿಗದಿದ್ದರೂ ಮೂರು ತಿಂಗಳಿಗಿಂತ ಹೆಚ್ಚು ಕಾಡುವ ನೋವು ಮೂರು. ಲಕ್ಷಣವೇ ಇಲ್ಲದೆ, ಬೇರೆ ಕಾರಣಕ್ಕೆ ಪರೀಕ್ಷಿಸುವಾಗ ಕಾಣಿಸುವ ಉರಿಯೂತ ನಾಲ್ಕು. ಪ್ರಾಸ್ಟಟೈಟಿಸ್ ಎಂದು ನಮ್ಮ ಬಳಿ ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಇರುವುದು ನಿಮ್ಮಂತೆ ಮೂರನೆಯದು. ಹೆಸರಿನಲ್ಲಿ ಪ್ರಾಸ್ಟೇಟ್ ಇದ್ದರೂ ನೋವಿನ ಮೂಲ ಬಹಳಷ್ಟು ಸಲ ಆ ಗ್ರಂಥಿಯಲ್ಲಿ ಇರುವುದೇ ಇಲ್ಲ.

ಪರೀಕ್ಷಿಸುವಾಗ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಗ್ಲೌಸ್ ಹಾಕಿದ ಬೆರಳನ್ನು ಗುದದ್ವಾರದ ಮೂಲಕ ಒಳಗಿಟ್ಟು ಪ್ರಾಸ್ಟೇಟ್ ಒತ್ತಿದಾಗ ರೋಗಿ ಸುಮ್ಮನಿರುತ್ತಾರೆ. ಅದೇ ಬೆರಳನ್ನು ಪಕ್ಕಕ್ಕೆ ಸರಿಸಿ, ಬಿಗಿದ ಹಗ್ಗದಂತಿರುವ ಸ್ನಾಯುವನ್ನು ಒತ್ತಿದ ತಕ್ಷಣ ‘ಅಲ್ಲೇ ಸಾರ್, ಅದೇ ನೋವು’ ಎನ್ನುತ್ತಾರೆ. ಮೂತ್ರಕೋಶ, ಪ್ರಾಸ್ಟೇಟ್, ಗುದನಾಳ ಎಲ್ಲವನ್ನೂ ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಅವು. ಒಮ್ಮೆ ಬಂದ ಸೋಂಕು, ಒಂದು ಪೆಟ್ಟು, ದಿನವಿಡೀ ಕುರ್ಚಿಯಲ್ಲಿ ಕೂರುವುದು, ಸತತ ಆತಂಕ – ಯಾವುದರಿಂದಲಾದರೂ ಅವು ಸೆಟೆದುಕೊಳ್ಳಬಹುದು. ಸ್ಖಲನದ ವೇಳೆ ಇದೇ ಸ್ನಾಯುಗಳು ಪಟಪಟನೆ ಕುಗ್ಗಿ ಹಿಗ್ಗಬೇಕು. ಮೊದಲೇ ಬಿಗಿದಿರುವುದರಿಂದ ಆಮೇಲೆ ನೋಯುತ್ತದೆ.

ನಿಮಿರುವಿಕೆಯ ತೊಂದರೆ ಇದರ ಮುಂದುವರಿಕೆ. ಕೂಡಿದರೆ ನೋವು ಬರುತ್ತದೆ ಎಂದು ಮೈ ಕಲಿತುಬಿಟ್ಟಿದೆ. ಆ ಹೆದರಿಕೆಯಿದ್ದಾಗ ರಕ್ತ ಶಿಶ್ನಕ್ಕೆ ಹರಿಯುವುದಿಲ್ಲ. ಕೆಲವರಲ್ಲಿ ಇದೇ ಬಿಗಿತ ಶೀಘ್ರಸ್ಖಲನವಾಗಿಯೂ ಕಾಣಿಸಿಕೊಳ್ಳುತ್ತದೆ. ನರ, ರಕ್ತನಾಳ ಕೆಟ್ಟಿರುವುದಿಲ್ಲ. ಬೆಳಗಿನ ಹೊತ್ತು ತಾನಾಗಿ ನಿಮಿರುತ್ತಿದೆಯಾದರೆ ಧೈರ್ಯವಾಗಿರಿ.

ಚಿಕಿತ್ಸೆ ಒಂದೇ ಮಾತ್ರೆಯದಲ್ಲ. ಮೂತ್ರ ತಡೆದು ತಡೆದು ಬರುತ್ತಿದ್ದರೆ ಟ್ಯಾಮ್ಸುಲೋಸಿನ್‌ನಂಥ ಔಷಧ, ನೋವಿಗೆ ಸ್ವಲ್ಪ ದಿನ ಉರಿಯೂತ ಶಮನಕಾರಿ, ಅಗತ್ಯವಿದ್ದರೆ ನರದ ನೋವಿಗೆ ಮಲಗುವ ಮುನ್ನ ಒಂದು ಸಣ್ಣ ಮಾತ್ರೆ. ಇವೆಲ್ಲಕ್ಕಿಂತ ಮುಖ್ಯ ಈ ಸ್ನಾಯುಗಳ ಬಗ್ಗೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್. ಯೂಟ್ಯೂಬ್ ನೋಡಿ ಕೆಗಲ್ ವ್ಯಾಯಾಮ ಮಾಡುತ್ತಿದ್ದರೆ ನಿಲ್ಲಿಸಿ. ಅದು ಸ್ನಾಯುವನ್ನು ಬಿಗಿಗೊಳಿಸುವ ವ್ಯಾಯಾಮ, ನಿಮಗೆ ಬೇಕಿರುವುದು ಸಡಿಲಿಸುವುದು. ಹೊಟ್ಟೆಯುಬ್ಬಿಸಿ ನಿಧಾನವಾಗಿ ಉಸಿರಾಡುವುದು, ಮಲಾಸನದಲ್ಲಿ ಸ್ವಲ್ಪ ಹೊತ್ತು ಕೂರುವುದು, ಟಬ್ಬಿನಲ್ಲಿ ಬಿಸಿನೀರಿಟ್ಟು ಹತ್ತು ಹದಿನೈದು ನಿಮಿಷ ಕೂರುವುದು ಮನೆಯಲ್ಲೇ ಆಗುವಂಥವು. ಮುಕ್ಕಾಲು ಗಂಟೆಗೊಮ್ಮೆ ಕುರ್ಚಿ ಬಿಟ್ಟು ಎದ್ದು ಓಡಾಡಿ. ಮಲಬದ್ಧತೆ ಇರಗೊಡಬೇಡಿ. ಖಾರ, ಕಾಫಿ, ಮದ್ಯ ಕೆಲವರಿಗೆ ನೋವು ಹೆಚ್ಚಿಸುತ್ತವೆ, ಕೆಲವರಿಗೆ ಏನೂ ಮಾಡುವುದಿಲ್ಲ. ನಿಮ್ಮ ಮೈಗೆ ಆಗದ್ದನ್ನು ಮಾತ್ರ ಬಿಡಿ.

ಸ್ಖಲನದಿಂದ ಪ್ರಾಸ್ಟೇಟ್‌ಗೆ ಹಾನಿಯಾಗುವುದಿಲ್ಲ, ಪತ್ನಿಗೆ ಇದು ಅಂಟುವುದೂ ಇಲ್ಲ. ಈ ಎರಡು ಮಾತನ್ನು ಅವರಿಗೂ ಹೇಳಿ. ಎಂಟು ತಿಂಗಳಿಂದ ನೀವು ಏಕೆ ದೂರ ಹೋದಿರಿ ಎಂಬುದಕ್ಕೆ ಅವರೇ ಏನೇನೋ ಅರ್ಥ ಕಟ್ಟಿಕೊಂಡಿರಬಹುದು.

ಪ್ರಶ್ನೆ: ನಮ್ಮ ಯಜಮಾನರಿಗೆ 36 ವರ್ಷ. ಪ್ರಾಸ್ಟೇಟ್ ತೊಂದರೆಗೆಂದು ನಾಲ್ಕು ತಿಂಗಳಿಂದ ಸಿಲೋಡೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಉರಿ, ನೋವು ಕಡಿಮೆಯಾಗಿದೆ. ಆದರೆ ಕೂಡಿದಾಗ ವೀರ್ಯವೇ ಬರುತ್ತಿಲ್ಲ. ಎರಡನೇ ಮಗುವಿಗೆ ಪ್ರಯತ್ನಿಸುತ್ತಿದ್ದೇವೆ. ಇದು ಕಾಯಿಲೆಯಿಂದ ಆಗಿದ್ದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಹೆಚ್ಚಿನಂಶ ಮಾತ್ರೆಯಿಂದ. ಸಿಲೋಡೋಸಿನ್, ಟ್ಯಾಮ್ಸುಲೋಸಿನ್ ಮೂತ್ರದ ದಾರಿಯ ಸ್ನಾಯುವನ್ನು ಸಡಿಲಿಸುತ್ತವೆ. ವೀರ್ಯವನ್ನು ಮುಂದಕ್ಕೆ ತಳ್ಳುವ ಸ್ನಾಯುವೂ ಅದರೊಂದಿಗೆ ಸಡಿಲವಾಗುತ್ತದೆ. ಆಗ ವೀರ್ಯ ಹೊರಬರುವುದಿಲ್ಲ, ಇಲ್ಲವೇ ಹಿಂದಕ್ಕೆ ಮೂತ್ರಕೋಶದೊಳಗೆ ಹೋಗುತ್ತದೆ. ಸಿಲೋಡೋಸಿನ್‌ನಲ್ಲಿ ಇದು ಹೆಚ್ಚು. ಸುಖದ ಅನುಭವ ಇರುತ್ತದೆ, ವೀರ್ಯ ಮಾತ್ರ ಇರುವುದಿಲ್ಲ. ಮೈಗೆ ಇದರಿಂದ ಅಪಾಯವಿಲ್ಲ, ಆದರೆ ಮಗು ಬೇಕೆನ್ನುವವರಿಗೆ ದೊಡ್ಡ ಅಡ್ಡಿ. ಮಾತ್ರೆ ಬರೆದವರಿಗೆ ನೀವು ಮಗುವಿನ ಯೋಜನೆಯಲ್ಲಿದ್ದೀರಿ ಎಂಬುದು ಗೊತ್ತಿರಲಿಕ್ಕಿಲ್ಲ. ತಾವಾಗಿ ನಿಲ್ಲಿಸದೆ ಅವರಿಗೆ ಹೇಳಿ. ನಿಲ್ಲಿಸಬಹುದೋ, ಬೇರೆ ಔಷಧಕ್ಕೆ ಬದಲಿಸಬಹುದೋ ಅವರು ನೋಡುತ್ತಾರೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಆಗದಿದ್ದರೆ ಸಕ್ಕರೆ ಕಾಯಿಲೆಗೆ ಪರೀಕ್ಷಿಸಿ, ಸ್ಖಲನವಾದ ಮೇಲಿನ ಮೊದಲ ಮೂತ್ರದಲ್ಲಿ ವೀರ್ಯಾಣು ಇದೆಯೇ ಎಂದು ನೋಡಬೇಕು.

ಪ್ರಶ್ನೆ: ನಾನು ಕೃಷಿಕ, 46 ವರ್ಷ. ಸಕ್ಕರೆ ಕಾಯಿಲೆ ಇದೆ. ಮಳೆಗಾಲದಲ್ಲಿ ಗದ್ದೆ ಕೆಲಸ ಮುಗಿದ ಮೇಲೆ ಚಳಿಜ್ವರ ಬಂದು ಮೂತ್ರ ಕಟ್ಟಿತು. ಆಸ್ಪತ್ರೆಗೆ ಸೇರಿಸಿದರು. ಪ್ರಾಸ್ಟೇಟ್‌ನಲ್ಲಿ ಕೀವು ತುಂಬಿದೆ, ಮೆಲಿಯಾಯ್ಡೋಸಿಸ್ ಎಂದು ಹೇಳಿ ಕೀವು ತೆಗೆದು ಎರಡು ವಾರ ಇಂಜೆಕ್ಷನ್ ಕೊಟ್ಟರು. ಈಗ ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಳ್ಳಬೇಕಂತೆ. ನಾನು ಪೂರ್ತಿ ಹುಷಾರಾಗಿದ್ದೇನೆ. ಮಾತ್ರೆ ಬಿಡಬಹುದಾ? ಹೆಂಡತಿಗೆ ಹರಡುತ್ತದಾ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಬಿಡಲೇಬೇಡಿ. ಈ ಕಾಯಿಲೆಯ ಗುಣವೇ ಹಾಗೆ: ಹುಷಾರಾದೆ ಎಂದು ಮಾತ್ರೆ ಬಿಟ್ಟವರಲ್ಲಿ ಮತ್ತೆ ಎದ್ದು ಬರುತ್ತದೆ. ಬಂದರೆ ಶ್ವಾಸಕೋಶ, ಯಕೃತ್ತು, ರಕ್ತಕ್ಕೂ ಹಬ್ಬಿ ಪ್ರಾಣಕ್ಕೇ ಸಂಚಕಾರ ತರಬಹುದು. ಇಂಜೆಕ್ಷನ್ ಮುಗಿದ ಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನು ಕನಿಷ್ಠ ಮೂರು ತಿಂಗಳು ಕೊಡುವುದು ಇದಕ್ಕೇ. ಮೈಮೇಲೆ ದದ್ದು ಎದ್ದರೆ ತಕ್ಷಣ ವೈದ್ಯರಿಗೆ ತಿಳಿಸಿ. ರಕ್ತ, ಕ್ರಿಯಾಟಿನಿನ್, ಪೊಟ್ಯಾಶಿಯಂ ಪರೀಕ್ಷೆಗೆ ಕರೆದಾಗ ತಪ್ಪಿಸಬೇಡಿ.

ಕರಾವಳಿಯ ಉಳಿದ ಓದುಗರಿಗೂ ಇದು ಗೊತ್ತಿರಲಿ. ಮೆಲಿಯಾಯ್ಡೋಸಿಸ್ ತರುವ ಸೂಕ್ಷ್ಮಾಣುವನ್ನು ಆಲ್ಫ್ರೆಡ್ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ 1912ರಲ್ಲಿ ರಂಗೂನಿನಿಂದ ಮೊದಲ ಬಾರಿಗೆ ವರದಿ ಮಾಡಿದರು. ಅದು ಮಣ್ಣು ಮತ್ತು ನಿಂತ ನೀರಿನಲ್ಲಿರುತ್ತದೆ. ಕಾಲಿನ ಗಾಯದ ಮೂಲಕವೋ ಉಸಿರಿನ ಮೂಲಕವೋ ಒಳಸೇರುತ್ತದೆ. ಥಾಯ್ಲೆಂಡ್, ಉತ್ತರ ಆಸ್ಟ್ರೇಲಿಯಾದಂತೆ ಉಡುಪಿ, ದಕ್ಷಿಣ ಕನ್ನಡದಲ್ಲೂ ಮಳೆಗಾಲದಲ್ಲಿ ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಬಹಳ ಹೆಚ್ಚು. ಗಂಡಸರಲ್ಲಿ ಇದು ಪ್ರಾಸ್ಟೇಟ್‌ನಲ್ಲಿ ಮನೆಮಾಡುವುದು ಅಪರೂಪವಲ್ಲ: ಉತ್ತರ ಆಸ್ಟ್ರೇಲಿಯಾದ ಗಂಡು ರೋಗಿಗಳಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಪ್ರಾಸ್ಟೇಟ್‌ನಲ್ಲಿ ಕೀವು ಕಂಡಿದೆ. ಮೂತ್ರದ ಸೋಂಕಿಗೆ ಮಾಮೂಲಾಗಿ ಬರೆಯುವ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಇದು ಬಗ್ಗುವುದಿಲ್ಲ. ಲ್ಯಾಬಿನಲ್ಲಿ ಇದನ್ನು ಬೇರೊಂದು ಸೂಕ್ಷ್ಮಾಣುವೆಂದು ಭಾವಿಸುವುದೂ ಉಂಟು. ಆದ್ದರಿಂದ ಸಕ್ಕರೆ ಕಾಯಿಲೆ ಇರುವ ಕೃಷಿಕರಿಗೆ ಮಳೆಗಾಲದಲ್ಲಿ ಚಳಿಜ್ವರ, ಕೆಳಹೊಟ್ಟೆ ನೋವು, ಮೂತ್ರ ಕಟ್ಟುವುದು ಒಟ್ಟಿಗೆ ಬಂದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಕಾಲ ಕಳೆಯದೆ ರಕ್ತ ಮತ್ತು ಮೂತ್ರದ ಕಲ್ಚರ್ ಆಗುವ ಆಸ್ಪತ್ರೆಗೆ ಹೋಗಬೇಕು. ಮೆಲಿಯಾಯ್ಡೋಸಿಸ್ ಇರಲಿ, ಸಾಧಾರಣ ಇ. ಕೋಲೈ ಇರಲಿ, ಪ್ರಾಸ್ಟೇಟ್‌ನ ದಿಢೀರ್ ಸೋಂಕು ತುರ್ತು ಸ್ಥಿತಿಯೇ. ಆ ಹಂತದಲ್ಲಿ ಪ್ರಾಸ್ಟೇಟ್ ಅನ್ನು ಒತ್ತಿ ಮಸಾಜ್ ಮಾಡಿದರೆ ಸೋಂಕು ರಕ್ತಕ್ಕೆ ನುಗ್ಗಬಹುದು.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದು ಅತ್ಯಂತ ವಿರಳ. ಒಂದೇ ತಟ್ಟೆ, ಒಂದೇ ಹಾಸಿಗೆ, ಯಾವುದಕ್ಕೂ ಭಯ ಬೇಡ. ಆದರೂ ಪ್ರಾಸ್ಟೇಟ್‌ನಲ್ಲೇ ಸೋಂಕಿದ್ದುದರಿಂದ ವೈದ್ಯರು ಸೋಂಕು ತೀರಿತು ಎನ್ನುವವರೆಗೆ ಕಾಂಡೋಮ್ ಬಳಸಿ. ಮೂತ್ರದ ದಾರಿಯಿಂದ ಉಪಕರಣ ಹಾಕಿ ಕೀವು ತೆಗೆದಿದ್ದರೆ ಮುಂದೆ ವೀರ್ಯ ಹೊರಬರುವುದು ಕಡಿಮೆಯಾಗಬಹುದು, ನಿಮಿರುವಿಕೆಗೆ ಸಾಮಾನ್ಯವಾಗಿ ತೊಂದರೆಯಾಗದು. ನಿಮಿರುವ ಶಕ್ತಿಯನ್ನು ನಿಧಾನವಾಗಿ ತಿನ್ನುವುದು ಹತೋಟಿ ತಪ್ಪಿದ ಸಕ್ಕರೆ. ಅದನ್ನು ಹಿಡಿತದಲ್ಲಿಡಿ, ಮುಂದಿನ ಮಳೆಗಾಲಕ್ಕೆ ಗಂಬೂಟು ಇಲ್ಲದೆ ಗದ್ದೆಗೆ ಇಳಿಯಬೇಡಿ.

ಪ್ರಶ್ನೆ: 22 ವರ್ಷ. ಮಲವಿಸರ್ಜನೆಗೆ ಮುಕ್ಕಿದಾಗ ಬಿಳಿ ಅಂಟು ದ್ರವ ಬರುತ್ತದೆ. ಧಾತು ಹೋಗುತ್ತಿದೆ, ಹಸ್ತಮೈಥುನದಿಂದ ಪ್ರಾಸ್ಟೇಟ್ ಹಾಳಾಗಿದೆ ಎಂದು ಒಬ್ಬರು ಹೇಳಿ ಪುಡಿ, ಲೇಹ್ಯ ಕೊಟ್ಟಿದ್ದಾರೆ. ಸಾವಿರಾರು ರೂಪಾಯಿ ಹೋಯಿತು. ಸುಸ್ತು, ಓದಿನಲ್ಲಿ ಮನಸ್ಸಿಲ್ಲ. ಮುಂದೆ ಮದುವೆಯಾಗಲು ಯೋಗ್ಯನೇ?
– ಹೆಸರು ಬೇಡ, ಕಲಬುರಗಿ

ಉತ್ತರ: ಖಂಡಿತ ಯೋಗ್ಯರು. ಮುಕ್ಕಿದಾಗ ಗುದನಾಳ ಮುಂದಿರುವ ಪ್ರಾಸ್ಟೇಟ್ ಅನ್ನು ಒತ್ತುತ್ತದೆ, ಅದರಲ್ಲಿದ್ದ ದ್ರವದ ಒಂದೆರಡು ಹನಿ ಹೊರಬರುತ್ತದೆ. ಗ್ರಂಥಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಹಸ್ತಮೈಥುನದಿಂದ ಪ್ರಾಸ್ಟೇಟ್ ಹಾಳಾಗುವುದಿಲ್ಲ, ವೀರ್ಯ ಖಾಲಿಯಾಗುವುದಿಲ್ಲ, ಶಕ್ತಿ ಸೋರಿಹೋಗುವುದಿಲ್ಲ. ನಮ್ಮ ದೇಶದಲ್ಲಿ ಈ ಭಯ ಎಷ್ಟು ವ್ಯಾಪಕ ಎಂದರೆ, ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲಿಯೇ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ನಿಮ್ಮ ಸುಸ್ತಿಗೆ ಕಾರಣ ಹೋಗುತ್ತಿರುವ ದ್ರವವಲ್ಲ, ಹೋಗುತ್ತಿದೆಯೆಂಬ ಚಿಂತೆ. ಸುಸ್ತು ಮುಂದುವರಿದರೆ ರಕ್ತದ ಪರೀಕ್ಷೆ ಮಾಡಿಸಿ, ಮನಸ್ಸಿನ ಬೇಸರಕ್ಕೆ ಮನೋವೈದ್ಯರನ್ನು ಕಾಣಲು ನಾಚಿಕೊಳ್ಳಬೇಡಿ. ಮುಕ್ಕುವುದು ತಪ್ಪಲು ನೀರು, ಸೊಪ್ಪು, ಹಣ್ಣು ಹೆಚ್ಚು ಸೇವಿಸಿ. ಮೂತ್ರದಲ್ಲಿ ಉರಿ, ಜ್ವರ, ಹಳದಿ ಕೀವು, ಅಥವಾ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದ ನಂತರ ಸ್ರಾವ ಬಂದರೆ ಮಾತ್ರ ಪರೀಕ್ಷೆ ಬೇಕು. ಪುಡಿ, ಲೇಹ್ಯಕ್ಕೆ ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ವಯಸ್ಸು 33. ಕಾಲೇಜಿನಲ್ಲಿದ್ದಾಗ ಟಿಬಿಗೆ ಚಿಕಿತ್ಸೆ ಪಡೆದಿದ್ದೆ. ಈಗ ವೀರ್ಯ ಪರೀಕ್ಷೆಯಲ್ಲಿ ಪ್ರಮಾಣ 0.5 ಮಿ.ಲೀ., ವೀರ್ಯಾಣು ಸೊನ್ನೆ, ಫ್ರಕ್ಟೋಸ್ ಇಲ್ಲ, ಪಿಎಚ್ 6.4 ಎಂದಿದೆ. ಎರಡು ಸಲ ಮಾಡಿಸಿದರೂ ಹೀಗೇ. ಎಲ್ಲ ಮುಗಿಯಿತೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಮುಗಿದಿಲ್ಲ. ಉರಿಯೂತ ನಿಜವಾಗಿಯೂ ಸಂತಾನಕ್ಕೆ ಅಡ್ಡ ನಿಲ್ಲುವ ಅಪರೂಪದ ಸಂದರ್ಭಗಳಲ್ಲಿ ನಿಮ್ಮದೊಂದು. ನೀವು ಬರೆದ ನಾಲ್ಕು ಅಂಶಗಳನ್ನು ಜೋಡಿಸಿದರೆ ಉತ್ತರ ಅಲ್ಲೇ ಇದೆ. ಫ್ರಕ್ಟೋಸ್ ಬರುವುದು ವೀರ್ಯಕೋಶದಿಂದ, ವೀರ್ಯಕ್ಕೆ ಕ್ಷಾರ ಗುಣ ಕೊಡುವುದೂ ಅದೇ. ಅದರ ದ್ರವವೂ ಇಲ್ಲ, ವೀರ್ಯಾಣುವೂ ಇಲ್ಲ, ಉಳಿದದ್ದು ಪ್ರಾಸ್ಟೇಟ್‌ನ ಆಮ್ಲೀಯ ದ್ರವ ಮಾತ್ರ. ಅಂದರೆ ವೀರ್ಯ ಬರುವ ಸಣ್ಣ ನಾಳಗಳು ಪ್ರಾಸ್ಟೇಟ್ ಒಳಗೆ ಮುಚ್ಚಿಹೋಗಿರುವ ಸಾಧ್ಯತೆ ಹೆಚ್ಚು. ಟಿಬಿ ಆ ಭಾಗಕ್ಕೆ ತಗುಲಿದರೆ ವಾಸಿಯಾಗುವಾಗ ಕಲೆಗಟ್ಟಿ ದಾರಿ ಮುಚ್ಚುವುದುಂಟು. ಹುಟ್ಟಿನಿಂದಲೇ ವೀರ್ಯನಾಳ ಇಲ್ಲದವರಲ್ಲೂ ರಿಪೋರ್ಟ್ ಹೀಗೇ ಬರುತ್ತದೆ. ಹಾಗಾಗಿ ಕೈಯಿಂದ ಮುಟ್ಟಿ ಪರೀಕ್ಷಿಸುವುದು, ಗುದನಾಳದ ಮೂಲಕ ಮಾಡುವ ಸ್ಕ್ಯಾನ್, ಹಾರ್ಮೋನ್ ಪರೀಕ್ಷೆ ಬೇಕು. ಟಿಬಿ ಇನ್ನೂ ಸಕ್ರಿಯವಾಗಿದೆಯೇ ಎಂದು ಮೊದಲು ಖಚಿತವಾಗಬೇಕು. ಇದ್ದರೆ ಅದರ ಚಿಕಿತ್ಸೆಯೇ ಮೊದಲು.

ಅಡ್ಡಿ ಚಿಕ್ಕದಾಗಿದ್ದರೆ ದುರ್ಬೀನಿನ ಮೂಲಕ ಬಿಡಿಸಬಹುದು, ಟಿಬಿಯ ಕಲೆ ಉದ್ದಕ್ಕೂ ಹಬ್ಬಿದ್ದರೆ ಅದು ಫಲಿಸುವುದು ಕಷ್ಟ. ಆದರೆ ದಾರಿ ಮುಚ್ಚಿದ್ದರೂ ವೃಷಣ ಕೆಲಸ ಮಾಡುತ್ತಿರುತ್ತದೆ. ಸೂಜಿಯಿಂದ ಅಲ್ಲಿಂದಲೇ ವೀರ್ಯಾಣು ತೆಗೆದು, ಒಂದೊಂದೇ ಅಂಡಕ್ಕೆ ಒಂದೊಂದೇ ವೀರ್ಯಾಣು ಸೇರಿಸುವ ಇಕ್ಸಿ ವಿಧಾನದಿಂದ ನಿಮ್ಮದೇ ಮಗುವನ್ನು ಪಡೆಯಬಹುದು. ಕೃತಕ ಗರ್ಭಧಾರಣೆಗೆ ಸಂಬಂಧಿಸಿದ ಕೇಂದ್ರ ಸರ್ಕಾರದ 2021ರ ಕಾಯ್ದೆಯಡಿ ನೋಂದಣಿಯಾದ ಕೇಂದ್ರಕ್ಕೇ ಹೋಗಿ.

ಪ್ರಶ್ನೆ: 41 ವರ್ಷ. ಕಳೆದ ವಾರ ವೀರ್ಯದಲ್ಲಿ ರಕ್ತ ಕಂಡು ಗಾಬರಿಯಾಯಿತು. ಕ್ಯಾನ್ಸರ್ ಇರಬಹುದೇ? ಪ್ರಾಸ್ಟೇಟ್ ಉರಿಯೂತ ಮುಂದೆ ಕ್ಯಾನ್ಸರ್ ಆಗುತ್ತದೆಯೇ?
– ಹೆಸರು ಬೇಡ, ಮೈಸೂರು

ಉತ್ತರ: ಒಂದೇ ಸಲ ಕಂಡ ರಕ್ತ ಬಹುಪಾಲು ಸಣ್ಣ ಉರಿಯೂತದಿಂದ ಬಂದು ತಾನಾಗಿ ನಿಲ್ಲುವಂಥದ್ದು. ಕೆಲವು ಸ್ಖಲನಗಳವರೆಗೆ ಕಂದು ಬಣ್ಣ ಉಳಿಯಬಹುದು. ಆದರೆ ನಲವತ್ತು ದಾಟಿರುವುದರಿಂದ ಬಿಪಿ, ಮೂತ್ರ, ಪಿಎಸ್‌ಎ ಪರೀಕ್ಷೆ ಮತ್ತು ವೈದ್ಯರ ತಪಾಸಣೆ ಮಾಡಿಸಿಕೊಳ್ಳಿ. ಉರಿಯೂತವೇ ಕ್ಯಾನ್ಸರ್ ಆಗಿ ಮಾರ್ಪಡುತ್ತದೆ ಎಂಬುದು ಸಾಬೀತಾಗಿಲ್ಲ. ಆದರೆ ಉರಿಯೂತದಲ್ಲೂ ಪಿಎಸ್‌ಎ ಏರುತ್ತದೆ. ಅದನ್ನು ನೋಡಿ ಹೆದರದೆ, ಚಿಕಿತ್ಸೆಯಾಗಿ ಆರರಿಂದ ಎಂಟು ವಾರದ ಮೇಲೆ ಮತ್ತೆ ಪರೀಕ್ಷಿಸಬೇಕು.

ಪ್ರಶ್ನೆ: ಪ್ರಾಸ್ಟೇಟ್‌ಗೆ ಸತು ಬೇಕು ಎಂದು ಜಿಂಕ್, ಫೋಲಿಕ್ ಆಸಿಡ್ ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದೇನೆ. ಕೌಂಟ್ ಹೆಚ್ಚುತ್ತದೆಯೇ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಪ್ರಾಸ್ಟೇಟ್‌ನಲ್ಲಿ ಸತು ಹೇರಳವಾಗಿದೆ ಎಂಬುದು ನಿಜ. ನುಂಗಿದ ಸತುವಿನಿಂದ ಮಕ್ಕಳಾಗುತ್ತವೆ ಎಂಬುದು ಬೇರೆ ಮಾತು. ಅಮೆರಿಕದಲ್ಲಿ 2,370 ಗಂಡಸರಿಗೆ ಆರು ತಿಂಗಳು ಇದೇ ಎರಡು ಮಾತ್ರೆ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು: ವೀರ್ಯದ ಗುಣವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಹೆಚ್ಚಲಿಲ್ಲ. ಮಾತ್ರೆ ತಿಂದವರಿಗೆ ಹೊಟ್ಟೆಯ ತೊಂದರೆ ಮಾತ್ರ ಹೆಚ್ಚಾಯಿತು. ಗುಟ್ಕಾ, ಸಿಗರೇಟು ಬಿಡುವುದು, ಹೊಟ್ಟೆ ಕರಗಿಸುವುದು ಇದಕ್ಕಿಂತ ಮೇಲು, ಖರ್ಚೂ ಇಲ್ಲ.

ಪ್ರಶ್ನೆ: ಡಾಕ್ಟ್ರೇ, ನನ್ನ ಸೊಸೆಗೆ ಎರಡು ವರ್ಷದಿಂದ ಮಕ್ಕಳಿಗಾಗಿ ತೋರಿಸುತ್ತಿದ್ದೇವೆ. ಟ್ಯೂಬ್ ಟೆಸ್ಟ್, ಲ್ಯಾಪ್ರೋಸ್ಕೋಪಿ ಎಲ್ಲ ಆಯಿತು. ಮಗ ಒಂದು ಪರೀಕ್ಷೆಯನ್ನೂ ಮಾಡಿಸಿಕೊಂಡಿಲ್ಲ. ಅವನಿಗೆ ಆಗಾಗ ಉರಿಮೂತ್ರ, ಕೆಳಹೊಟ್ಟೆ ನೋವು. ‘ಉಷ್ಣ ಆಗಿದೆ’ ಅಂತ ಎಳನೀರು, ಜೀರಿಗೆ ಕಷಾಯ ಕುಡಿದು ಸುಮ್ಮನಾಗುತ್ತಾನೆ. ನನಗೇನಾಗಿದೆ, ನಾನ್ಯಾಕೆ ತೋರಿಸಬೇಕು ಅಂತಾನೆ. ಏನು ಹೇಳಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಅಮ್ಮಾ, ಸೊಸೆಯ ಪರವಾಗಿ ಅತ್ತೆ ಬರೆದ ಪತ್ರ ಎಂಬುದಕ್ಕೆ ಮೊದಲು ನಮಸ್ಕಾರ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ನಿಮ್ಮ ಸೊಸೆ ಅರಿವಳಿಕೆ ಪಡೆದು ಹೊಟ್ಟೆಗೆ ದುರ್ಬೀನು ಹಾಕಿಸಿಕೊಂಡಾಗಿದೆ. ಮಗ ಒಂದು ಡಬ್ಬಿಯಲ್ಲಿ ಸ್ಯಾಂಪಲ್ ಕೊಡುವುದು ಬಾಕಿಯಿದೆ. ಯಾವ ಲೆಕ್ಕದಲ್ಲಿ ನೋಡಿದರೂ ಇದು ಮೊದಲು ಆಗಬೇಕಿದ್ದ ಪರೀಕ್ಷೆ.

ಆಗಾಗ ಮರುಕಳಿಸುವ ಉರಿಮೂತ್ರ ಎಂದರೆ, ಮೇಲೆ ಹೇಳಿದ ನಾಲ್ಕು ಬಗೆಯಲ್ಲಿ ಎರಡನೆಯದು ಇರಬಹುದು. ಪ್ರಾಸ್ಟೇಟ್‌ನಲ್ಲಿ ಅಡಗಿದ ಸೂಕ್ಷ್ಮಾಣು ಮತ್ತೆ ಮತ್ತೆ ಮೂತ್ರಕ್ಕೆ ಇಳಿಯುತ್ತದೆ. ಎಳನೀರಿಗೆ ಮೂತ್ರ ತಿಳಿಯಾಗಿ ಉರಿ ತಗ್ಗುತ್ತದೆ, ಸೂಕ್ಷ್ಮಾಣು ಇದ್ದಲ್ಲೇ ಇರುತ್ತದೆ. ಇದಕ್ಕೆ ಪ್ರಾಸ್ಟೇಟ್ ಒತ್ತುವ ಮುನ್ನ ಮತ್ತು ಒತ್ತಿದ ಮೇಲೆ ಎರಡು ಸಲ ಮೂತ್ರ ಸಂಗ್ರಹಿಸಿ ಕಲ್ಚರ್ ಮಾಡುವ ಸರಳ ಪರೀಕ್ಷೆಯಿದೆ. ಸೂಕ್ಷ್ಮಾಣು ಸಿಕ್ಕರೆ ಅದಕ್ಕೆ ತಕ್ಕ ಔಷಧವನ್ನು ನಾಲ್ಕರಿಂದ ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ಏಕೆಂದರೆ ಪ್ರಾಸ್ಟೇಟ್‌ನೊಳಗೆ ಔಷಧ ಸುಲಭವಾಗಿ ಇಳಿಯುವುದಿಲ್ಲ. ಐದು ದಿನದ ಕೋರ್ಸಿಗೆ ಉರಿ ನಿಂತು ಮತ್ತೆ ಶುರುವಾಗುವುದು ಇದರಿಂದಲೇ. ಈ ಔಷಧಗಳಲ್ಲಿ ಕೆಲವು ಹಿಮ್ಮಡಿಯ ಸ್ನಾಯುರಜ್ಜುವಿಗೆ ತೊಂದರೆ ಕೊಡಬಲ್ಲವು, ಆದ್ದರಿಂದ ವೈದ್ಯರ ನಿಗಾ ಬೇಕು. ಕ್ಲಮೈಡಿಯ, ಗೊನೋರಿಯಾ ಇದ್ದರೆ ಸೊಸೆಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು.

ಮಗನ ಜೊತೆ ವಾದಕ್ಕಿಳಿಯಬೇಡಿ. ಗಂಡಸುತನಕ್ಕೆ ಪೆಟ್ಟು ಬೀಳುತ್ತದೆಂಬ ಅಂಜಿಕೆಯೇ ಅವರನ್ನು ತಡೆಯುತ್ತಿರುವುದು. ಮಕ್ಕಳ ವಿಷಯ ಬದಿಗಿಟ್ಟು, ಉರಿಮೂತ್ರಕ್ಕೆ ತೋರಿಸಿಕೊಂಡು ಬಾ ಎಂದು ಕಳಿಸಿ. ಉಳಿದದ್ದನ್ನು ಕೇಳುವುದು ವೈದ್ಯರ ಕೆಲಸ. ಸೊಸೆಯ ಮುಂದಿನ ಯಾವ ಚಿಕಿತ್ಸೆಗೂ, ಮಗನ ರಿಪೋರ್ಟ್ ಕೈಗೆ ಬರುವ ತನಕ, ನೀವು ಒಪ್ಪಬೇಡಿ.